ಒಂದು ಪಿಕ್, ಎರಡು ಪಾಳಯ: ಶಿಕಾಗೊ ಬೇರ್ಸ್ ಅಭಿಮಾನಿಗಳ ವಾದದಲ್ಲಿ ಬಿಟ್ಟುಹೋದ ಪ್ರಶ್ನೆ

2023ರ ಜನವರಿ 8. ಇಂಡಿಯಾನಾಪೊಲಿಸ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಹ್ಯೂಸ್ಟನ್ ಟೆಕ್ಸನ್ಸ್ ತಂಡ ಸೋಲಿನ ಅಂಚಿನಲ್ಲಿತ್ತು. ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಕೊನೆಯ ಅವಕಾಶ, ದಾಟಬೇಕಾದದ್ದು 20 ಯಾರ್ಡ್. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಉದ್ದಕ್ಕೆ ಎಸೆದರು. ಅದು ಎದುರಾಳಿಯ ಗಡಿ ದಾಟಿ ಟಚ್‌ಡೌನ್ ಆಯಿತು, ಆರು ಪಾಯಿಂಟ್. ಹಿಂದೆಯೇ ಇನ್ನೆರಡು ಪಾಯಿಂಟ್ ಕೂಡ ಬಂತು. 32-31ರಿಂದ ಟೆಕ್ಸನ್ಸ್ ಗೆದ್ದಿತು.

ಆ ಗೆಲುವಿಗೆ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವರು ಶಿಕಾಗೊದಲ್ಲಿದ್ದರು. ಅದೇ ಹೊತ್ತಿಗೆ ಅವರ ಬೇರ್ಸ್ ತಂಡ ತವರಿನಲ್ಲಿ ಮಿನೆಸೋಟ ಎದುರು ಸೋಲುತ್ತಿತ್ತು. ಬೇರ್ಸ್ ಸೋತು, ಟೆಕ್ಸನ್ಸ್ ಗೆದ್ದದ್ದರಿಂದ ಇಡೀ ಲೀಗ್‌ನಲ್ಲಿ ಬೇರ್ಸ್ ಕಟ್ಟಕಡೆಯ ತಂಡವಾಯಿತು. 17 ಪಂದ್ಯಗಳಲ್ಲಿ ಗೆದ್ದದ್ದು ಮೂರೇ ಮೂರು. ಕಟ್ಟಕಡೆಯವರಿಗೆ ಸಿಗುವ ಬಹುಮಾನವೇ ಮುಂದಿನ ಡ್ರಾಫ್ಟ್‌ನ ಮೊದಲ ಪಿಕ್, ಅಂದರೆ ಹೊಸ ಆಟಗಾರರನ್ನು ಎಲ್ಲರಿಗಿಂತ ಮುಂಚೆ ಆರಿಸುವ ಸರದಿ. ಇನ್ನೊಂದು ವಿಷಯ: ಅಂದು ಟೆಕ್ಸನ್ಸ್ ಕೋಚ್ ಆಗಿದ್ದವರು ಲವೀ ಸ್ಮಿತ್. ಹಿಂದೆ ಇದೇ ಬೇರ್ಸ್ ತಂಡವನ್ನು ಒಂಬತ್ತು ಸೀಸನ್ ನಡೆಸಿ, 2007ರಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಕರೆದೊಯ್ದವರು. ಹಳೆಯ ತಂಡಕ್ಕೆ ಅವರು ಕೊಟ್ಟ ದೊಡ್ಡ ಉಡುಗೊರೆ ಆ ಗೆಲುವು. ಅದೇ ದಿನ ರಾತ್ರಿ ಟೆಕ್ಸನ್ಸ್ ಅವರನ್ನು ಕೆಲಸದಿಂದ ತೆಗೆಯಿತು.

ತಮ್ಮ ತಂಡ ಸೋತರೆ ಒಳ್ಳೆಯದು ಎಂದು ಅಭಿಮಾನಿಗಳೇ ಬಯಸುವ ಪರಿಸ್ಥಿತಿ ನಮಗೆ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ಕಾರಣ ಡ್ರಾಫ್ಟ್ ಎಂಬ ಪದ್ಧತಿ. ನಮಗೆ ಗೊತ್ತಿರುವುದು ಹರಾಜು. ಐಪಿಎಲ್ ಹರಾಜಿಗೆ ಮುಂಚೆ ಆರ್‌ಸಿಬಿ ಯಾರನ್ನು ಉಳಿಸಿಕೊಳ್ಳಬೇಕು, ಯಾರಿಗೆ ಎಷ್ಟು ಸುರಿಯಬೇಕು ಎಂದು ಬೆಂಗಳೂರಿನ ಪ್ರತಿ ಟೀ ಅಂಗಡಿಯಲ್ಲೂ ಚರ್ಚೆ ನಡೆಯುತ್ತದೆ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಅಲ್ಲಿ ಹೊಸ ಆಟಗಾರರಿಗೆ ಬೆಲೆ ಕೂಗುವಂತಿಲ್ಲ. ಕಾಲೇಜಿನಿಂದ ಬರುವ ಹುಡುಗರನ್ನು 32 ತಂಡಗಳು ಸರದಿ ಪ್ರಕಾರ ಆರಿಸುತ್ತವೆ. ಏಳು ಸುತ್ತು. ಹಿಂದಿನ ಸೀಸನ್‌ನಲ್ಲಿ ಕೊನೆಯಲ್ಲಿದ್ದವರು ಮೊದಲು, ಸೂಪರ್ ಬೌಲ್ ಗೆದ್ದವರು ಕೊನೆಗೆ. ತಮ್ಮ ಸರದಿಯನ್ನು ಬೇರೆ ತಂಡಕ್ಕೆ ಮಾರಬಹುದು, ಬದಲಿಗೆ ಆಟಗಾರರನ್ನೋ ಮುಂದಿನ ವರ್ಷಗಳ ಸರದಿಗಳನ್ನೋ ಪಡೆಯಬಹುದು. ಎಲ್ಲ ಚರ್ಚೆ ಹುಟ್ಟುವುದು ಇಲ್ಲೇ.

ಈ ಪದ್ಧತಿ ಶುರುವಾದದ್ದು 1936ರಲ್ಲಿ. ಫಿಲಡೆಲ್ಫಿಯಾ ಈಗಲ್ಸ್ ಮಾಲೀಕ ಬರ್ಟ್ ಬೆಲ್ ಅವರ ಸಲಹೆ ಅದು. ದುಡ್ಡಿದ್ದ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡರೆ ಲೀಗ್ ಉಳಿಯುವುದಿಲ್ಲ ಎಂಬುದು ಅವರ ಚಿಂತೆಯಾಗಿತ್ತು. ಮೊಟ್ಟಮೊದಲು ಆಯ್ಕೆಯಾದವರು ಜೇ ಬರ್ವಾಂಗರ್, ಶಿಕಾಗೊ ವಿಶ್ವವಿದ್ಯಾಲಯದ ಹುಡುಗ. ಈಗಲ್ಸ್ ಅವರ ಹಕ್ಕನ್ನು ಬೇರ್ಸ್‌ಗೆ ಬಿಟ್ಟುಕೊಟ್ಟಿತು. ಸಂಬಳದ ಮಾತು ಕುದುರಲಿಲ್ಲ. ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅಂದರೆ ಬೇರ್ಸ್ ಮತ್ತು ಮೊದಲ ಪಿಕ್‌ನ ಕಥೆ ಆ ದಿನದಿಂದಲೇ ಎಡವಟ್ಟು.

ಒಂದು ತಂಡ ವರ್ಷಕ್ಕೆ ಆಡುವುದು 17 ಲೀಗ್ ಪಂದ್ಯ ಮಾತ್ರ. ಸೋತ ತಂಡಕ್ಕೆ ಜನವರಿಯಲ್ಲೇ ಎಲ್ಲ ಮುಗಿಯುತ್ತದೆ. ಮತ್ತೆ ಆಟ ನೋಡಲು ಸೆಪ್ಟೆಂಬರ್‌ವರೆಗೆ ಕಾಯಬೇಕು. ನಡುವಿನ ಖಾಲಿ ತಿಂಗಳುಗಳನ್ನು ತುಂಬುವುದು ಏಪ್ರಿಲ್ ಕೊನೆಯ ಡ್ರಾಫ್ಟ್. ಯಾವ ತಂಡ ಯಾರನ್ನು ಆರಿಸಬಹುದು ಎಂದು ಊಹಿಸಿ ಬರೆಯುವ ಪಟ್ಟಿಗೆ ಮಾಕ್ ಡ್ರಾಫ್ಟ್ ಎನ್ನುತ್ತಾರೆ. ಪತ್ರಕರ್ತರು ಬರೆಯುತ್ತಾರೆ, ಶಾಲಾ ಮಕ್ಕಳೂ ಬರೆಯುತ್ತಾರೆ. 2024ರಲ್ಲಿ ಡೆಟ್ರಾಯಿಟ್‌ನಲ್ಲಿ ಡ್ರಾಫ್ಟ್ ನಡೆದಾಗ ಮೂರು ದಿನದಲ್ಲಿ 7 ಲಕ್ಷ 75 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಅಲ್ಲಿ ಆಟವೇ ಇರಲಿಲ್ಲ. ಹೆಸರು ಕೂಗುವುದನ್ನು ಕೇಳಲು ಬಂದವರು ಅಷ್ಟೂ ಜನ.

ಈಗ ಬೇರ್ಸ್‌ಗೆ ಬರೋಣ. ಅಭಿಮಾನಿಗಳು ಒಬ್ಬ ಆಟಗಾರನ ಬಗ್ಗೆ ಇಷ್ಟು ಹೊತ್ತು, ಇಷ್ಟು ಪ್ರೀತಿಯಿಂದ, ಇಷ್ಟು ಸಿಟ್ಟಿನಿಂದ ವಾದ ಮಾಡಿದ ಉದಾಹರಣೆ ಇತ್ತೀಚೆಗೆ ನಾನಂತೂ ಇನ್ನೊಂದು ಕಂಡಿಲ್ಲ. ಆ ವಾದದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಒಂದು ಪಕ್ಕಕ್ಕೇ ಉಳಿದುಬಿಟ್ಟಿತು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

2023ರಲ್ಲಿ ಮೊದಲ ಪಿಕ್ ಕೈಗೆ ಬಂದಾಗ ಬೇರ್ಸ್‌ನಲ್ಲಿ ಆಗಲೇ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದರು, ಜಸ್ಟಿನ್ ಫೀಲ್ಡ್ಸ್. ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ಆಟದಲ್ಲೂ ಚೆಂಡು ಮೊದಲು ತಲುಪುವ ಕೈ. ಎಸೆಯಬೇಕೋ, ಕೊಡಬೇಕೋ, ತಾನೇ ಓಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವರು ಅವರೇ. ಫೀಲ್ಡ್ಸ್ ಓಡುವುದನ್ನು ನೋಡಲು ಎರಡು ಕಣ್ಣು ಸಾಲದು. 2022ರಲ್ಲಿ ಮಯಾಮಿ ಎದುರು ಒಂದೇ ಪಂದ್ಯದಲ್ಲಿ 178 ಯಾರ್ಡ್ ಓಡಿದರು. ಲೀಗ್ ಪಂದ್ಯವೊಂದರಲ್ಲಿ ಅಲ್ಲಿಯವರೆಗೆ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಅಷ್ಟು ಓಡಿರಲಿಲ್ಲ. ಆದರೆ ತಂಡ ಸೋಲುತ್ತಲೇ ಇತ್ತು.

ಜನರಲ್ ಮ್ಯಾನೇಜರ್ ರಯಾನ್ ಪೋಲ್ಸ್ ಅವರು ಫೀಲ್ಡ್ಸ್‌ರನ್ನು ಉಳಿಸಿಕೊಂಡು ಮೊದಲ ಪಿಕ್ ಅನ್ನು ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಕೊಟ್ಟರು. ಬದಲಿಗೆ ಡಿ.ಜೆ. ಮೂರ್ ಎಂಬ ಒಳ್ಳೆಯ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವ ಆಟಗಾರ, ಬಂದರು. ಆ ವರ್ಷದ 9 ಮತ್ತು 61ನೇ ಪಿಕ್‌ಗಳು, 2024ರ ಮೊದಲ ಸುತ್ತಿನ ಪಿಕ್, 2025ರ ಎರಡನೇ ಸುತ್ತಿನ ಪಿಕ್ ಕೂಡ ಬಂದವು. ಕ್ಯಾರೊಲೈನಾ ಆ ಮೊದಲ ಪಿಕ್‌ನಲ್ಲಿ ಬ್ರೈಸ್ ಯಂಗ್ ಅವರನ್ನು ಆರಿಸಿತು. ಎರಡನೆಯದರಲ್ಲಿ ಟೆಕ್ಸನ್ಸ್ ಸಿ.ಜೆ. ಸ್ಟ್ರೌಡ್ ಅವರನ್ನು ತೆಗೆದುಕೊಂಡಿತು. ಸ್ಟ್ರೌಡ್ ಮೊದಲ ವರ್ಷವೇ ತಂಡವನ್ನು ಪ್ಲೇಆಫ್‌ಗೆ ಒಯ್ದರು. ಯಂಗ್ ಇದ್ದ ಕ್ಯಾರೊಲೈನಾ 17ರಲ್ಲಿ ಎರಡೇ ಪಂದ್ಯ ಗೆದ್ದು ಕಟ್ಟಕಡೆಗೆ ಬಂತು. ಕ್ಯಾರೊಲೈನಾದ 2024ರ ಪಿಕ್ ಇದ್ದದ್ದು ಯಾರ ಹತ್ತಿರ? ಬೇರ್ಸ್ ಹತ್ತಿರ. ಮಾರಿದ ಮೊದಲ ಪಿಕ್ ಒಂದೇ ವರ್ಷದಲ್ಲಿ ಮತ್ತೆ ಮನೆ ಬಾಗಿಲಿಗೆ ಬಂದು ನಿಂತಿತ್ತು.

ಅಲ್ಲಿಂದ ಶಿಕಾಗೊ ಎರಡು ಪಾಳಯವಾಯಿತು. ಒಬ್ಬರು ಫೀಲ್ಡ್ಸ್ ಇರಲಿ ಎಂದರು. ಇನ್ನೊಬ್ಬರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಬರಲಿ ಎಂದರು. 2023ರ ಕೊನೆಯ ದಿನ, ಡಿಸೆಂಬರ್ 31ರಂದು, ಬೇರ್ಸ್ ತವರಿನಲ್ಲಿ ಅಟ್ಲಾಂಟಾವನ್ನು 37-17ರಿಂದ ಮಣಿಸಿತು. ತವರಿನ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಕುಳಿತಿದ್ದ ಜನ ನಮಗೆ ಫೀಲ್ಡ್ಸ್ ಬೇಕು, ಫೀಲ್ಡ್ಸ್ ಬೇಕು ಎಂದು ಕೂಗಿದರು. ಅದು ಅಲ್ಲಿ ಬೇರ್ಸ್ ಅಂಗಿಯಲ್ಲಿ ಅವರ ಕೊನೆಯ ಪಂದ್ಯ.

ಎರಡೂ ಕಡೆಯ ಮಾತಲ್ಲಿ ಹುರುಳಿತ್ತು. ಫೀಲ್ಡ್ಸ್ ಪಾಳಯ ಹೇಳಿದ್ದು ಇಷ್ಟು: ಮೂರು ವರ್ಷದಲ್ಲಿ ಅವರಿಗೆ ಇಬ್ಬರು ಮುಖ್ಯ ಕೋಚ್. 2022ರಲ್ಲಿ ಎದುರಾಳಿಗಳು ಅವರನ್ನು 55 ಸಲ ಕೆಡವಿದ್ದಾರೆ. ಎದುರಾಳಿಗಳನ್ನು ತಡೆದು ಅವರನ್ನು ಕಾಯುವ ಆಟಗಾರರ ಲೈನ್ ಇಲ್ಲ, ಹಿಡಿಯುವ ಕೈಗಳಿಲ್ಲ. ಮೊದಲು ಆ ಹುಡುಗನ ಸುತ್ತ ಒಂದು ತಂಡ ಕಟ್ಟಿ, ಆಮೇಲೆ ತೀರ್ಪು ಕೊಡಿ. ಇನ್ನೊಂದು ಪಾಳಯದ ಮಾತು: 38 ಪಂದ್ಯ ಆಡಿಸಿದ್ದೇವೆ, ಗೆದ್ದದ್ದು 10. ಚೆಂಡನ್ನು ಜಾಸ್ತಿ ಹೊತ್ತು ಕೈಯಲ್ಲೇ ಹಿಡಿದುಕೊಳ್ಳುತ್ತಾರೆ. ಇಂಥ ಪಿಕ್ ಮತ್ತೆ ಯಾವಾಗ ಸಿಗುತ್ತದೆ?

ಈ ಜಗಳದ ಹಿಂದೆ ಹಳೆಯ ಗಾಯ ಇತ್ತು. ಬೇರ್ಸ್ 1920ರಲ್ಲಿ ಲೀಗ್ ಶುರುವಾದಾಗಿನಿಂದ ಇರುವ ತಂಡ. ಅದರ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಒಂದು ಸೀಸನ್‌ನಲ್ಲಿ 4000 ಯಾರ್ಡ್ ಎಸೆದಿರಲಿಲ್ಲ. 1995ರಲ್ಲಿ ಎರಿಕ್ ಕ್ರೇಮರ್ ಎಸೆದ 3838 ಯಾರ್ಡ್ ದಾಖಲೆ ದಶಕಗಳ ಕಾಲ ಅಲ್ಲಾಡದೆ ಕುಳಿತಿತ್ತು. 2017ರ ಡ್ರಾಫ್ಟ್ ಇನ್ನೂ ನೋವಿನದ್ದು. ಬೇರ್ಸ್ ಮೂರನೇ ಸರದಿಯಿಂದ ಎರಡಕ್ಕೆ ಏರಲು ಮೂರು ಹೆಚ್ಚುವರಿ ಪಿಕ್ ಕೊಟ್ಟು ಮಿಚೆಲ್ ಟ್ರುಬಿಸ್ಕಿ ಅವರನ್ನು ಆರಿಸಿತು. ಅದೇ ಸುತ್ತಿನ ಹತ್ತನೇ ಪಿಕ್‌ನಲ್ಲಿ ಕಾನ್ಸಸ್ ಸಿಟಿಗೆ ಸಿಕ್ಕವರು ಪ್ಯಾಟ್ರಿಕ್ ಮಹೋಮ್ಸ್. ಮಹೋಮ್ಸ್ ಆಮೇಲೆ ಮೂರು ಸೂಪರ್ ಬೌಲ್ ಗೆದ್ದರು. ಆ ಊರಿನಲ್ಲಿ ಈ ಮಾತು ತೆಗೆದರೆ ಇವತ್ತಿಗೂ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ.

ಇಷ್ಟೆಲ್ಲ ವಾದದಲ್ಲಿ ಪಕ್ಕಕ್ಕೆ ಸರಿದ ವಿಷಯಗಳಲ್ಲಿ ಮೊದಲನೆಯದು ದುಡ್ಡು. 2010ರಲ್ಲಿ ಮೊದಲ ಪಿಕ್ ಆಗಿದ್ದ ಸ್ಯಾಮ್ ಬ್ರಾಡ್‌ಫರ್ಡ್ ಅವರ ಒಪ್ಪಂದ ಆರು ವರ್ಷಕ್ಕೆ 7 ಕೋಟಿ 80 ಲಕ್ಷ ಡಾಲರ್. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದವಾಯಿತು. ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ಸಿಕ್ಕದ್ದು ನಾಲ್ಕು ವರ್ಷಕ್ಕೆ ಸುಮಾರು 2 ಕೋಟಿ 20 ಲಕ್ಷ. ಒಂದೇ ವರ್ಷದಲ್ಲಿ ಲೆಕ್ಕವೇ ಬದಲಾಯಿತು. ಅಂದಿನಿಂದ ಡ್ರಾಫ್ಟ್‌ನಲ್ಲಿ ತಂಡಕ್ಕೆ ಸಿಗುವುದು ಬರೀ ಆಟಗಾರ ಅಲ್ಲ, ಆ ಆಟಗಾರನ ನಾಲ್ಕು ಅಗ್ಗದ ವರ್ಷಗಳು. ಬೇಕಾದರೆ ಮೊದಲ ಸುತ್ತಿನವರನ್ನು ಐದನೇ ವರ್ಷಕ್ಕೂ ಉಳಿಸಿಕೊಳ್ಳಬಹುದು, ಆದರೆ ಆ ವರ್ಷದ ಸಂಬಳ ದುಬಾರಿ.

ಫೀಲ್ಡ್ಸ್ ಅವರ ಮೂರು ಅಗ್ಗದ ವರ್ಷ ಮುಗಿದಿದ್ದವು. ಐದನೇ ವರ್ಷಕ್ಕೆ ಉಳಿಸಿಕೊಳ್ಳಲು ಸುಮಾರು ಎರಡೂವರೆ ಕೋಟಿ ಡಾಲರ್ ಬೇಕಿತ್ತು. ವಿಲಿಯಮ್ಸ್ ಬಂದರೆ ನಾಲ್ಕು ವರ್ಷಕ್ಕೆ ಸೇರಿ ಸುಮಾರು 3 ಕೋಟಿ 95 ಲಕ್ಷ. ಅದೇ ವಸಂತದಲ್ಲಿ ಅಟ್ಲಾಂಟಾ ತಂಡ ಅನುಭವಿ ಕರ್ಕ್ ಕಸಿನ್ಸ್ ಅವರಿಗೆ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ತಂಡಕ್ಕೆ ಒಟ್ಟು ಖರ್ಚಿನ ಮಿತಿ ಇದೆ. ಕ್ವಾರ್ಟರ್‌ಬ್ಯಾಕ್ ಅಗ್ಗವಾದರೆ ಉಳಿದ ದುಡ್ಡಿನಲ್ಲಿ ಲೈನ್ ಕಟ್ಟಬಹುದು, ರಿಸೀವರ್‌ಗಳನ್ನು ತರಬಹುದು. ಆದ್ದರಿಂದ ಫೀಲ್ಡ್ಸ್ ಒಳ್ಳೆಯವರಾ, ವಿಲಿಯಮ್ಸ್ ಒಳ್ಳೆಯವರಾ ಎಂಬುದಷ್ಟೇ ಪೋಲ್ಸ್ ಮುಂದಿದ್ದ ಪ್ರಶ್ನೆ ಆಗಿರಲಿಲ್ಲ. ಫೀಲ್ಡ್ಸ್ ಅವರಿಗೆ ದುಬಾರಿ ಸಂಬಳ ಕೊಡುವಷ್ಟು ನಂಬಿಕೆ ಇದೆಯಾ ಎಂಬುದೂ ಸೇರಿತ್ತು. ಮಾರ್ಚ್ 16ರಂದು ಫೀಲ್ಡ್ಸ್ ಪಿಟ್ಸ್‌ಬರ್ಗ್‌ಗೆ ಹೋದರು. ಬದಲಿಗೆ ಬಂದದ್ದು ಮುಂದಿನ ವರ್ಷದ ಆರನೇ ಸುತ್ತಿನ ಒಂದು ಪಿಕ್, ಷರತ್ತಿನ ಮೇಲೆ ಮಾತ್ರ ನಾಲ್ಕನೇ ಸುತ್ತಿಗೆ ಏರುವಂಥದ್ದು. ಅವರನ್ನು ಕರೆತರಲು 2021ರಲ್ಲಿ ಬೇರ್ಸ್ ಎರಡು ಮೊದಲ ಸುತ್ತಿನ ಪಿಕ್‌ಗಳನ್ನು ಕೊಟ್ಟಿತ್ತು. ಅಭಿಮಾನಿಗಳ ಹೊಟ್ಟೆ ಉರಿದದ್ದು ಸಹಜ, ಅಲ್ವಾ?

ಎರಡನೆಯ ವಿಷಯ, ಆಯ್ಕೆ ಮಾಡುವುದು ಎಷ್ಟು ಕಷ್ಟ ಎಂಬುದು. ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಎನ್‌ಎಫ್‌ಎಲ್ ಡ್ರಾಫ್ಟ್ ಬಗ್ಗೆ ಒಂದು ಅಧ್ಯಯನ ಮಾಡಿದ್ದಾರೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರನ್ನು ಹಿಂದೆ ಮುಂದೆ ಆರಿಸಿದಾಗ, ಮೊದಲು ಆರಿಸಿದವರೇ ಮೇಲು ಎಂದು ಸಾಬೀತಾಗುವ ಸಾಧ್ಯತೆ ಶೇಕಡ 52 ಎಂದು ಅವರು ಕಂಡುಕೊಂಡರು. ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪವೇ ವಾಸಿ. ತಂಡಗಳ ಬಳಿ ವೈದ್ಯರ ವರದಿ ಇರುತ್ತದೆ, ಸಂದರ್ಶನ ಇರುತ್ತದೆ, ವರ್ಷಗಟ್ಟಲೆ ಹಿಂದೆ ಬಿದ್ದು ನೋಡಿದ ಸ್ಕೌಟ್‌ಗಳಿರುತ್ತಾರೆ. ಅಷ್ಟಿದ್ದೂ ಇಷ್ಟೇ. ಮೇಲಿನ ಪಿಕ್‌ಗಳಿಗೆ ತಂಡಗಳು ಕೊಡುವ ಬೆಲೆ ಜಾಸ್ತಿಯಾಯಿತು ಎಂಬುದೂ ಅವರ ವಾದ. ಈ ಲೆಕ್ಕದಲ್ಲಿ ನೋಡಿದರೆ ಪೋಲ್ಸ್ 2023ರಲ್ಲಿ ಮೊದಲ ಪಿಕ್ ಮಾರಿದ್ದು ಅವರ ಅತ್ಯಂತ ಒಳ್ಳೆಯ ತೀರ್ಮಾನ. ಒಂದರ ಬದಲು ಐದು ಸಿಕ್ಕವು. ಒಂದೇ ಬಾಣವನ್ನು ನಂಬಿ ಕೂರಬೇಕಾಗಲಿಲ್ಲ.

2024ರ ಏಪ್ರಿಲ್ 25ರಂದು ಡೆಟ್ರಾಯಿಟ್‌ನಲ್ಲಿ ಮೊದಲ ಹೆಸರು ಕೂಗಿದರು: ಕೇಲಬ್ ವಿಲಿಯಮ್ಸ್. ಎರಡನೆಯದು ವಾಷಿಂಗ್ಟನ್‌ಗೆ ಜೇಡನ್ ಡೇನಿಯಲ್ಸ್. ಮೂರನೆಯದು ನ್ಯೂ ಇಂಗ್ಲೆಂಡ್‌ಗೆ ಡ್ರೇಕ್ ಮೇ. ಮೂವರೂ ಕ್ವಾರ್ಟರ್‌ಬ್ಯಾಕ್‌ಗಳು. ಮೊದಲ 12 ಪಿಕ್‌ಗಳಲ್ಲಿ ಆರು ಜನ ಕ್ವಾರ್ಟರ್‌ಬ್ಯಾಕ್‌ಗಳೇ ಹೋದರು.

ಬೇರ್ಸ್ ಆರರಲ್ಲಿ ನಾಲ್ಕು ಗೆದ್ದು ಚೆನ್ನಾಗಿ ಶುರುಮಾಡಿತು. ಆಮೇಲೆ ಅಕ್ಟೋಬರ್ 27 ಬಂತು. ವಾಷಿಂಗ್ಟನ್‌ನಲ್ಲಿ ಗಡಿಯಾರದ ಕೊನೆಯ ಕ್ಷಣ. ಡೇನಿಯಲ್ಸ್ ಚೆಂಡನ್ನು ದೇವರ ಮೇಲೆ ಭಾರ ಹಾಕಿ ದೂರಕ್ಕೆ ಎಸೆದರು. ಬೇರ್ಸ್‌ನ ಟೈರೀಕ್ ಸ್ಟೀವನ್‌ಸನ್ ಆಟ ಶುರುವಾದ ಮೇಲೂ ಪ್ರೇಕ್ಷಕರ ಕಡೆ ತಿರುಗಿ ಕೆಣಕುತ್ತಿದ್ದರು. ತಡವಾಗಿ ಓಡಿ ಬಂದು ಚೆಂಡಿಗೆ ಕೈ ತಾಗಿಸಿದರು. ಅದು ಚಿಮ್ಮಿ ವಾಷಿಂಗ್ಟನ್ ಆಟಗಾರನ ಕೈಗೇ ಬಿತ್ತು. ವಾಷಿಂಗ್ಟನ್ 18-15ರಿಂದ ಗೆದ್ದಿತು. ಸ್ಟೀವನ್‌ಸನ್ ಬಂದದ್ದೂ ಆ ಕ್ಯಾರೊಲೈನಾ ಟ್ರೇಡ್‌ನ ದಾರಿಯಲ್ಲೇ: 61ನೇ ಪಿಕ್ ಕೊಟ್ಟು 56ಕ್ಕೆ ಏರಿ ಆರಿಸಿದ್ದ ಆಟಗಾರ.

ಆ ದಿನದಿಂದ ತಂಡ ಮೇಲೇಳಲಿಲ್ಲ. ಸಾಲಾಗಿ ಹತ್ತು ಸೋಲು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಡೆಟ್ರಾಯಿಟ್‌ನಲ್ಲಿ ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಕೈಯಲ್ಲಿದ್ದರೂ ಬಳಸದೆ ಸಮಯ ಸೋರಿಹೋಯಿತು, ಬೇರ್ಸ್ ಸೋತಿತು. ಮರುದಿನ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಕೆಲಸ ಕಳೆದುಕೊಂಡರು. ಸೀಸನ್ ನಡುವೆ ಮುಖ್ಯ ಕೋಚ್‌ನನ್ನು ತೆಗೆದದ್ದು ಬೇರ್ಸ್ ಚರಿತ್ರೆಯಲ್ಲಿ ಅದೇ ಮೊದಲು. ಕೊನೆಗೆ ಐದು ಗೆಲುವು, ಹನ್ನೆರಡು ಸೋಲು. ವಿಲಿಯಮ್ಸ್‌ರನ್ನು ಎದುರಾಳಿಗಳು 68 ಸಲ ಕೆಡವಿದ್ದರು. ಅತ್ತ ಡೇನಿಯಲ್ಸ್ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದು ವಾಷಿಂಗ್ಟನ್ನನ್ನು ಸೂಪರ್ ಬೌಲ್‌ಗೆ ಒಂದೇ ಪಂದ್ಯದ ದೂರಕ್ಕೆ ಒಯ್ದರು. ಶಿಕಾಗೊದಲ್ಲಿ ಹಳೆಯ ಮಾತು ಮತ್ತೆ ಎದ್ದಿತು: ಮತ್ತೆ ತಪ್ಪು ಹುಡುಗನನ್ನೇ ಆರಿಸಿದೆವಾ?

ಗಮನಿಸಿ, ಇದು ಫೀಲ್ಡ್ಸ್ ಕಾಲದ ದೂರೇ. ಹೆಸರು ಮಾತ್ರ ಬೇರೆ. ಲೈನ್ ಇಲ್ಲ, ಕೋಚ್ ಸರಿ ಇಲ್ಲ, ಚೆಂಡು ಜಾಸ್ತಿ ಹೊತ್ತು ಹಿಡಿಯುತ್ತಾರೆ. ಇಬ್ಬರು ಬೇರೆ ಬೇರೆ ಹುಡುಗರು ಒಂದೇ ಜಾಗದಲ್ಲಿ ಒಂದೇ ರೀತಿ ನೆಲಕ್ಕೆ ಬೀಳುತ್ತಿದ್ದರೆ, ನೋಡಬೇಕಾದದ್ದು ಆ ಜಾಗವನ್ನು. ಯಾರನ್ನು ಆರಿಸಬೇಕು ಎಂದು ಕೇಳಿದಷ್ಟೇ ಜೋರಾಗಿ, ಆರಿಸಿದ ಮೇಲೆ ಯಾರ ಕೈಗೆ ಕೊಡುತ್ತೀರಿ ಎಂದು ಕೇಳಬೇಕಿತ್ತು. ಮುಂದಿನ ವರ್ಷವೇ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ಕೋಚ್‌ಗೆ ಮೊದಲ ಪಿಕ್ ಹುಡುಗನನ್ನು ಒಪ್ಪಿಸಿದ್ದು 2024ರ ದೊಡ್ಡ ತಪ್ಪು ಎಂದು ನಾನು ನಂಬುತ್ತೇನೆ. ಆ ವರ್ಷದ ಮಾಕ್ ಡ್ರಾಫ್ಟ್‌ಗಳಲ್ಲಿ ಆ ಸಾಲು ಇರಲಿಲ್ಲ. ಇರುವುದೂ ಇಲ್ಲ, ಏಕೆಂದರೆ ಅಲ್ಲಿ ಬರೆಯುವುದು ಆಟಗಾರರ ಹೆಸರು ಮಾತ್ರ.

ಮುಂದಿನ ವರ್ಷ ಇದಕ್ಕೆ ಸಾಕ್ಷಿ ಸಿಕ್ಕಿತು. 2025ರ ಜನವರಿಯಲ್ಲಿ ಡೆಟ್ರಾಯಿಟ್ ತಂಡದ ದಾಳಿಯ ಆಟಕ್ಕೆ ಕೋಚ್ ಆಗಿದ್ದ ಬೆನ್ ಜಾನ್ಸನ್ ಬೇರ್ಸ್ ಕೋಚ್ ಆಗಿ ಬಂದರು. ಮಾರ್ಚ್‌ನಲ್ಲಿ ಲೈನ್‌ನ ನಡುಭಾಗವನ್ನೇ ಬದಲಿಸಿದರು. ಜೋ ಟೂನಿ ಮತ್ತು ಜೋನಾ ಜಾಕ್ಸನ್ ಟ್ರೇಡ್‌ನಲ್ಲಿ ಬಂದರು, ಡ್ರೂ ಡಾಲ್‌ಮನ್‌ಗೆ ಹೊಸ ಒಪ್ಪಂದ ಕೊಟ್ಟು ಕರೆತಂದರು. ಈ ದುಡ್ಡು ಎಲ್ಲಿಂದ ಬಂತು? ಕ್ವಾರ್ಟರ್‌ಬ್ಯಾಕ್ ಅಗ್ಗವಾಗಿದ್ದರಿಂದ. ಅದೇ ವಿಲಿಯಮ್ಸ್, ಅದೇ ತೋಳು. ಆದರೆ ಕೆಳಗೆ ಬಿದ್ದ ಲೆಕ್ಕ ಅರ್ಧಕ್ಕಿಂತ ಕಡಿಮೆಯಾಯಿತು. 3900ಕ್ಕೂ ಹೆಚ್ಚು ಯಾರ್ಡ್ ಎಸೆದು ಕ್ರೇಮರ್ ಅವರ 30 ವರ್ಷದ ದಾಖಲೆ ಮುರಿದರು. ಬೇರ್ಸ್ 11 ಪಂದ್ಯ ಗೆದ್ದು ತನ್ನ ವಿಭಾಗದ ಚಾಂಪಿಯನ್ ಆಯಿತು.

ಹಾಗಾದರೆ ಫೀಲ್ಡ್ಸ್ ಪಾಳಯ ತಪ್ಪಾ? ಆಯ್ಕೆಯ ಮಟ್ಟಿಗೆ ಹೌದು. ಪಿಟ್ಸ್‌ಬರ್ಗ್‌ನಲ್ಲಿ ಆರು ಪಂದ್ಯ ಶುರುಮಾಡಿ, ನ್ಯೂಯಾರ್ಕ್ ಜೆಟ್ಸ್‌ಗೆ ಹೋದ ಫೀಲ್ಡ್ಸ್ ಅಲ್ಲಿಯೂ ನವೆಂಬರ್ ಹೊತ್ತಿಗೆ ಬೆಂಚಿಗೆ ಬಂದರು. ಆದರೆ ಕಾರಣದ ಮಟ್ಟಿಗೆ ಅವರ ಮಾತೇ ನಿಜವಾಯಿತು. ಮೊದಲು ಹುಡುಗನ ಸುತ್ತ ತಂಡ ಕಟ್ಟಿ ಎಂದವರು ಅವರೇ ಅಲ್ಲವೇ? ಅದು ಫೀಲ್ಡ್ಸ್‌ಗೆ ಸಿಗಲಿಲ್ಲ, ವಿಲಿಯಮ್ಸ್‌ಗೆ ಎರಡನೇ ವರ್ಷದಲ್ಲಿ ಸಿಕ್ಕಿತು. ಫೀಲ್ಡ್ಸ್‌ಗೂ ಮೊದಲೇ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ನೋವು ಆ ಅಭಿಮಾನಿಗಳಿಗೆ ಉಳಿದಿದೆ. ಆ ನೋವನ್ನು ನಾನು ತಳ್ಳಿಹಾಕಲಾರೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಇಷ್ಟು ಚರ್ಚೆಯಲ್ಲಿ ಹುಡುಗನ ಇಷ್ಟ ಯಾರೂ ಕೇಳುವುದಿಲ್ಲ. ಓದು ಮುಗಿಸಿದ ಒಬ್ಬ ಇಂಜಿನಿಯರ್ ಯಾವ ಕಂಪನಿಗೆ ಬೇಕಾದರೂ ಅರ್ಜಿ ಹಾಕಬಹುದು. ಫುಟ್‌ಬಾಲ್ ಆಟಗಾರನಿಗೆ ಆ ಹಕ್ಕಿಲ್ಲ. ಯಾರು ಹೆಸರು ಕೂಗಿದರೋ ಅದೇ ಅವರ ಊರು. 1983ರಲ್ಲಿ ಜಾನ್ ಎಲ್ವೇ ಬಾಲ್ಟಿಮೋರ್ ಬೇಡ ಎಂದರು, 2004ರಲ್ಲಿ ಈಲೈ ಮ್ಯಾನಿಂಗ್ ಸ್ಯಾನ್ ಡಿಯೇಗೊ ಬೇಡ ಎಂದರು. ಇಬ್ಬರನ್ನೂ ಆಗ ಜನ ಸ್ವಾರ್ಥಿ ಎಂದು ಬೈದರು. ಡ್ರಾಫ್ಟ್‌ಗೆ ಮುಂಚೆ ಶಿಕಾಗೊ ಬೇಡ ಎಂಬ ಯೋಚನೆ ತಮಗೂ ಬಂದಿತ್ತೆಂದು ವಿಲಿಯಮ್ಸ್ 2025ರಲ್ಲಿ ಒಪ್ಪಿಕೊಂಡಾಗಲೂ ಕೆಲವರಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗಳನ್ನು ಒಬ್ಬರ ಹಿಂದೆ ಒಬ್ಬರಂತೆ ಕೈಬಿಟ್ಟ ಜಾಗಕ್ಕೆ ಹೋಗಲು 22 ವರ್ಷದ ಹುಡುಗ ಹೆದರಿದರೆ ಅದರಲ್ಲಿ ತಪ್ಪೇನಿದೆ?

ಈಗ ಬೇರ್ಸ್ ಗೆಲ್ಲುವ ತಂಡ. ಸರದಿ ಹಿಂದಕ್ಕೆ ಹೋಗಿದೆ, ವಾದದ ಬಣ್ಣವೂ ಬದಲಾಗಿದೆ. ಮೊದಲ ಪಿಕ್ ಇದ್ದಾಗ ಎರಡು ಹೆಸರುಗಳ ನಡುವೆ ಜಗಳ. ಸರದಿ ಕೆಳಗಿಳಿದಂತೆ ಇಪ್ಪತ್ತು ಹೆಸರುಗಳ ನಡುವೆ. ಇದರ ರುಚಿ 2025ರಲ್ಲೇ ಸಿಕ್ಕಿತ್ತು. ಆಗ ಬೇರ್ಸ್‌ಗೆ ಇದ್ದದ್ದು ಹತ್ತನೇ ಪಿಕ್. ಅನೇಕರಿಗೆ ಚೆಂಡು ಹಿಡಿದು ಓಡುವ ಓಟಗಾರ ಆಶ್ಟನ್ ಜೆಂಟಿ ಬೇಕಿತ್ತು. ಅವರು ಆರನೆಯದಕ್ಕೇ ಲಾಸ್ ವೇಗಸ್‌ಗೆ ಹೋದರು. ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ) ಬೇಕಾದರೆ ಟೈಲರ್ ವಾರನ್ ಇರಲಿ ಎಂದವರು ಬಹಳ. ಬೇರ್ಸ್ ಮಿಶಿಗನ್‌ನ ಕೋಲ್ಸ್ಟನ್ ಲವ್‌ಲ್ಯಾಂಡ್ ಅವರನ್ನು ಆರಿಸಿದಾಗ ಇದೇನು ಎಂದು ಹುಬ್ಬೇರಿಸಿದವರು ಕಡಿಮೆ ಇರಲಿಲ್ಲ. ಎರಡನೇ ದಿನ, ಕ್ಯಾರೊಲೈನಾದಿಂದ ಬಂದ ಕೊನೆಯ ಪಿಕ್‌ನಲ್ಲಿ ರಿಸೀವರ್ ಲೂಥರ್ ಬರ್ಡನ್ ಬಂದರು. ಮೂರನೇ ದಿನ, ಏಳನೇ ಸುತ್ತಿನಲ್ಲಿ, 233ನೇ ಪಿಕ್ ಆಗಿ ರಟ್ಗರ್ಸ್‌ನ ಓಟಗಾರ ಕೈಲ್ ಮೊನಂಗೈ ಬಂದರು. ಜೆಂಟಿಗಾಗಿ ತಿಂಗಳುಗಟ್ಟಲೆ ಹಟ ಹಿಡಿದವರಲ್ಲಿ ಈ ಹೆಸರಿಗಾಗಿ ಹಟ ಹಿಡಿದವರು ಎಷ್ಟು ಜನ ಇದ್ದಾರು?

ನವೆಂಬರ್ 2ರಂದು ಸಿನ್ಸಿನಾಟಿಯಲ್ಲಿ ಪಂದ್ಯ. ಮೊನಂಗೈ 176 ಯಾರ್ಡ್ ಓಡಿದರು. ಆದರೂ ಕೊನೆಯ ಎರಡು ನಿಮಿಷದಲ್ಲಿ ಬೇರ್ಸ್ ಕೈಯಿಂದ ಆಟ ಜಾರಿತ್ತು, ಒಂದು ಪಾಯಿಂಟ್ ಹಿಂದೆ ಬಿದ್ದಿತ್ತು. 17 ಸೆಕೆಂಡ್ ಉಳಿದಿದ್ದಾಗ ವಿಲಿಯಮ್ಸ್ ನಡುಭಾಗಕ್ಕೆ ಎಸೆದ ಚೆಂಡನ್ನು ಹಿಡಿದವರು ಲವ್‌ಲ್ಯಾಂಡ್. ಹಿಡಿಯಲು ಬಂದ ಇಬ್ಬರನ್ನು ಕೊಡವಿಕೊಂಡು 58 ಯಾರ್ಡ್‌ನ ಟಚ್‌ಡೌನ್ ಮುಗಿಸಿದರು. 47-42.